ವೀಳ್ಯದೆಲೆ, ಒಳ್ಳೆಮೆಣಸಿನ ಎಲೆ ಎರಡೂ ಒಂದೇ ಅಂತ ಕಂಪ್ಯೂಟರ್ ಯಾಕೆ ಹೇಳ್ತದೆ?

ಪ್ರಶ್ನೆ: ನಾನು ಬದಿಯಡ್ಕದ ಹತ್ತಿರದವ, ಡಿಗ್ರಿ ಕೊನೆ ವರ್ಷ. ನಮ್ಮ ತೋಟದ ಎಲೆಗಳ ಫೋಟೊ ಮೊಬೈಲಲ್ಲಿ ತೆಗೆದು, ಬರೀ ಆಕಾರ ನೋಡಿ ಯಾವ ಗಿಡ ಅಂತ ಹೇಳುವ ಪ್ರೋಗ್ರಾಮ್ ಪ್ರಾಜೆಕ್ಟಿಗೆ ಮಾಡ್ತಾ ಇದ್ದೇನೆ. ಎಂಟು ಜಾತಿ ಎಲೆ, ಒಂದೊಂದಕ್ಕೆ 40 ಫೋಟೊ. ಓಪನ್‌ಸಿವಿ ಅಂತ ಚಿತ್ರಗಳ ಕೆಲಸದ ಲೈಬ್ರರಿ ಉಂಟಲ್ಲ, ಅದರಲ್ಲಿ ಎರಡು ಆಕಾರ ಹೋಲಿಸುವ ಮ್ಯಾಚ್‌ಶೇಪ್ಸ್ ಹಾಕಿದೆ. ಅದು ವೀಳ್ಯದೆಲೆಯೂ ಒಳ್ಳೆಮೆಣಸಿನ ಎಲೆಯೂ ಒಂದೇ ಹೇಳ್ತದೆ, ಅದೇ ಜೀಗುಜ್ಜೆ (ಬ್ರೆಡ್‌ಫ್ರೂಟ್) ಎಲೆಯಲ್ಲಿ ಬೆರಳಿನ ಹಾಗೆ ಚಾಚಿದ ಒಂದು ಭಾಗ ಚೂರು ಮಡಚಿದ್ರೆ ಬೇರೆಯೇ ಎಲೆ ಹೇಳ್ತದೆ. ಎಲ್ಲಿ ತಪ್ಪಿದ್ದು? ಇದೆಲ್ಲ ಬಿಟ್ಟು ಡೀಪ್ ಲರ್ನಿಂಗಿಗೇ ಹೋಗುದು ಒಳ್ಳೆದಾ ಸರ್?

ಉತ್ತರ: ನಿಮ್ಮ ಪ್ರಶ್ನೆ ಓದಿ ಚೂರು ನಗು ಬಂತು ಮಾರಾಯ್ರೆ, ಯಾಕಂದ್ರೆ ನೀವು ಆರಿಸಿದ ಜೋಡಿಯೇ ಹಾಗಿನದ್ದು. ವೀಳ್ಯದೆಲೆ, ಒಳ್ಳೆಮೆಣಸು, ಹಿಪ್ಪಲಿ ಮೂರೂ ಪೈಪರ್ ಎಂಬ ಒಂದೇ ಕುಲದ ಬಳ್ಳಿಗಳು, ದಾಯಾದಿಗಳು. ಪೇಟೆಯಿಂದ ಬಂದ ನೆಂಟರನ್ನು ತೋಟಕ್ಕೆ ಕರ್ಕೊಂಡು ಹೋದ್ರೆ ಅವರೂ ಮೆಣಸಿನ ಬಳ್ಳಿ ತೋರಿಸಿ ಓ ವೀಳ್ಯದೆಲೆ ಅಂತಾರೆ. ನಮ್ಮ ಅಜ್ಜಿ ಆಗಿದ್ರೆ ಎಲೆ ಚಿವುಟಿ ಮೂಸಿ ಹೇಳ್ತಿದ್ರು, ಕಂಪ್ಯೂಟರಿಗೆ ಮೂಗಿಲ್ಲ. ಹಾಗಂತ ತಪ್ಪೆಲ್ಲ ಎಲೆಯದ್ದೇ ಅಂತ ಬಿಡ್ಲಿಕ್ಕೂ ಆಗುದಿಲ್ಲ, ನೀವು ಹಾಕಿದ ಮೆಥಡ್ ಒಳಗೆ ಎಂತ ನಡೀತದೆ ಅಂತ ಒಮ್ಮೆ ಬಿಡಿಸಿ ನೋಡಿದ್ರೆ ಎರಡೂ ತೊಂದರೆಯ ಬೇರು ಸಿಗ್ತದೆ.

ಮೊದಲು ಆಕಾರ ಅಂದ್ರೆ ಎಂತ ಅಂತ ಗಟ್ಟಿ ಮಾಡ್ಕೊಳ್ಳುವ. ಡೇವಿಡ್ ಕೆಂಡಾಲ್ ಅಂತ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞರೊಬ್ಬರು ಇದಕ್ಕೆ ಭಾರೀ ಚಂದದ ಉತ್ತರ ಕೊಟ್ಟಿದ್ದಾರೆ: ಒಂದು ವಸ್ತುವಿನಿಂದ ಅದು ಇರುವ ಜಾಗ, ಅದರ ಸೈಜು, ಅದು ತಿರುಗಿದ ದಿಕ್ಕು ಇಷ್ಟನ್ನು ಕಳೆದ ಮೇಲೆ ಎಂತ ಉಳೀತದೋ ಅದು ಆಕಾರ. ಅಂದ್ರೆ ಆಕಾರ ಹೋಲಿಸುದು ಅಂದ್ರೆ ಎಂತೆಂತ ಮರೀಬೇಕು ಅಂತ ಮೊದಲೇ ತೀರ್ಮಾನ ಮಾಡುದು. ಮೆಥಡ್ ಹೆಸರೆಲ್ಲ ಆಮೇಲೆ. ನಿಮ್ಮ ಎಲೆ ವಿಷಯದಲ್ಲಿ ಜಾಗ ಮರೀಬೇಕು, ಸೈಜು ಮರೀಬೇಕು (ಎಳೆ ಎಲೆ, ಬಲಿತ ಎಲೆ ಎರಡೂ ಒಂದೇ ಗಿಡದ್ದು), ಎಲೆ ಬೆನ್ನು ಮೇಲೆ ಮಾಡಿ ಇಟ್ಟಿರ್ಲಿಕ್ಕೂ ಸಾಕು, ಹಾಗಾಗಿ ಕನ್ನಡಿ ಬಿಂಬವನ್ನೂ ಮರೀಬೇಕು, ಜೀಗುಜ್ಜೆಯ ಬೆರಳು ಮಡಚಿದ್ದನ್ನೂ ಮರೀಬೇಕು. ಮರೀಬಾರದ್ದು ತೊಟ್ಟು ಸೇರುವಲ್ಲಿನ ಹೃದಯದಂಥ ತಗ್ಗು, ತುದಿಯ ಮೊನೆ, ಅಂಚು. ನೀವು ಹಾಕಿದ್ದು ಮರೀಬಾರದ್ದನ್ನು ಮರೀತಾ ಉಂಟು, ಮರೀಬೇಕಾದ್ದನ್ನು ಹಿಡ್ಕೊಂಡು ಕೂತಿದೆ, ಅಷ್ಟೇ ಕಥೆ.

ಮ್ಯಾಚ್‌ಶೇಪ್ಸ್ ಒಳಗೆ ಇರುದು ಹೂ ಮೊಮೆಂಟ್ಸ್. ಮಿಂಗ್-ಕುಯಿ ಹೂ ಅನ್ನುವವರು 1962ರಲ್ಲಿ ಕೊಟ್ಟ ಏಳು ನಂಬರುಗಳು. ಎಲೆಯನ್ನು ಒಂದೇ ದಪ್ಪದ ರಟ್ಟಿನಲ್ಲಿ ಕತ್ತರಿಸಿದ್ದು ಅಂತ ಇಟ್ಕೊಳ್ಳಿ, ಬೆರಳ ತುದಿಯಲ್ಲಿ ತೂಗಿ ನಿಲ್ಲುವ ಬಿಂದು ಹುಡುಕಿ, ಆ ಬಿಂದುವಿನಿಂದ ರಟ್ಟಿನ ಭಾರ ಎಷ್ಟು ಹರಡಿದೆ, ಯಾವ ಕಡೆಗೆ ಹೆಚ್ಚು ಹರಡಿದೆ, ಎಷ್ಟು ಓರೆ ಉಂಟು ಅಂತ ಲೆಕ್ಕ ಹಾಕಿ, ತಿರುಗಿಸಿದ್ರೂ ದೊಡ್ಡ ಮಾಡಿದ್ರೂ ಬದಲಾಗದ ಹಾಗೆ ಕೂಡಿಸಿದ್ದು. ಗಣಿತ ಚಂದ ಉಂಟು, ಅದರಲ್ಲಿ ದೂರಿಲ್ಲ. ಆದ್ರೆ ಒಂದು ಸಣ್ಣ ಲೆಕ್ಕ ನೋಡಿ. ಹಲಸಿನ ಹಪ್ಪಳದ ಹಾಗೆ ಸರಿಯಾದ ಒಂದು ವೃತ್ತ ತಗೊಂಡ್ರೆ ಮೊದಲನೇ ಹೂ ನಂಬರ್ 0.159 ಬರ್ತದೆ. ಕ್ಯಾರಂ ಬೋರ್ಡಿನ ಹಾಗೆ ಸರಿ ಚೌಕ ತಗೊಂಡ್ರೆ 0.167. ಉಳಿದ ಆರೂ ಎರಡಕ್ಕೂ ಸೊನ್ನೆ. ಹಪ್ಪಳ ಯಾವುದು ಕ್ಯಾರಂ ಬೋರ್ಡ್ ಯಾವುದು ಅಂತ ಮೂರು ವರ್ಷದ ಮಗು ಹೇಳ್ತದೆ, ಇಲ್ಲಿ ವ್ಯತ್ಯಾಸ ಇರುದು 0.008 ಮಾತ್ರ. ನಾಲ್ಕು ಮೂಲೆ ಇದೆಯಲ್ಲ, ಅದರಲ್ಲಿ ಇರುವ ಭಾರ ಅಷ್ಟೇ, ಹಾಗಾಗಿ ಮೂಲೆ ಇದಕ್ಕೆ ಹೆಚ್ಚುಕಡಿಮೆ ಕಾಣುದೇ ಇಲ್ಲ. ವೀಳ್ಯದೆಲೆಯ ತಗ್ಗು, ಮೊನೆ ಎಲ್ಲ ಇದೇ ಲೆಕ್ಕದಲ್ಲಿ ಹೋಗ್ತದೆ, ಒಟ್ಟು ಎಲೆಯ ಎದುರು ಅವುಗಳ ವಿಸ್ತೀರ್ಣ ಎಷ್ಟು ಮಹಾ.

ಇನ್ನೊಂದು ವಿಷಯ ಉಂಟು, ಇದನ್ನು ಸೋರ್ಸ್ ಕೋಡ್ ತೆಗೆದು ನೋಡಿದವರಿಗೆ ಮಾತ್ರ ಗೊತ್ತಾಗ್ತದೆ. ಮ್ಯಾಚ್‌ಶೇಪ್ಸ್ ಈ ಏಳು ನಂಬರಿನ ಲಾಗ್ ತೆಗೆದು ಹೋಲಿಸ್ತದೆ, ಆದ್ರೆ ಯಾವ ನಂಬರ್ 0.00001ಕ್ಕಿಂತ ಕಮ್ಮಿ ಉಂಟೋ ಅದನ್ನು ಲೆಕ್ಕಕ್ಕೇ ತಗೊಳ್ಳುದಿಲ್ಲ. ಎಡಬಲ ಸರಿಸಮ ಇರುವ, ಗುಂಡಗಿನ ಎಲೆಗಳಿಗೆ ಕೊನೆಯ ನಂಬರುಗಳೆಲ್ಲ ಅದಕ್ಕಿಂತ ಕೆಳಗೇ ಬೀಳ್ತವೆ. ಏಳು ಹೋಲಿಸ್ತಾ ಉಂಟು ಅಂತ ನೀವು ಅಂದ್ಕೊಂಡಿದ್ದೀರಿ, ನಿಜಕ್ಕೂ ಹೋಲಿಸುದು ಎರಡೋ ಮೂರೋ, ಅದರಲ್ಲೂ ಮುಖ್ಯವಾಗಿ ಎಲೆ ಎಷ್ಟು ಉದ್ದುದ್ದ ಉಂಟು ಅನ್ನುದು. ಏಳನ್ನೂ ಪ್ರಿಂಟ್ ಮಾಡಿ ನೋಡಿ, ಎರಡು ನಿಮಿಷದ ಕೆಲಸ. ಇದೇ ಕಾರಣಕ್ಕೆ ಕನ್ನಡ ಅಕ್ಷರ ಗುರುತಿಸ್ಲಿಕ್ಕೆ ಹೂ ಮೊಮೆಂಟ್ಸ್ ಒಂದನ್ನೇ ನಂಬಿದವರು ಕೈ ಸುಟ್ಕೊಳ್ತಾರೆ: ದ ಮತ್ತು ಧ ನೋಡಿ, ಕೆಳಗೆ ಒಂದು ಸಣ್ಣ ಸೀಳು, ಮಸಿಯ ಲೆಕ್ಕದಲ್ಲಿ ಅದು ಏನೂ ಅಲ್ಲ, ಆದ್ರೆ ಓದುವವರಿಗೆ ಅದೇ ಎಲ್ಲ. ಜೀಗುಜ್ಜೆಗೆ ಇದರ ಉಲ್ಟಾ ಆಗ್ತದೆ. ಬೆರಳು ಮಡಚಿದ್ರೆ ಎಲೆಯ ದೂರದ ಕೊನೆಯಲ್ಲಿದ್ದ ಭಾರ ಜಾಗ ಬದಲಿಸ್ತದೆ, ದೂರದ ಭಾರಕ್ಕೆ ಈ ಲೆಕ್ಕದಲ್ಲಿ ಬೆಲೆ ಜಾಸ್ತಿ, ನಂಬರ್ ಕುಣೀತದೆ.

ಮೆಥಡ್ ಬದಲಾಯಿಸುವ ಮೊದಲು ಫೋಟೊ ಬಗ್ಗೆ ಹೇಳ್ಬೇಕು, ಇದನ್ನು ನಾನು ಪೆಟ್ಟು ತಿಂದು ಕಲಿತದ್ದು. ಸುಮಾರು ವರ್ಷ ಹಿಂದೆ ಊರಲ್ಲಿ ಒಬ್ಬರ ಅಂಗಳಕ್ಕೆ ಚಾಲಿ ಅಡಿಕೆಯನ್ನು ಆಕಾರ ನೋಡಿ ಬೇರೆ ಮಾಡುವ ಕ್ಯಾಮರಾ ಕೂರಿಸ್ಲಿಕ್ಕೆ ಹೋಗಿದ್ದೆ. ಮನೆಯ ಮೇಜಿನ ಮೇಲೆ ಚಿನ್ನದ ಹಾಗೆ ಕೆಲಸ ಮಾಡಿದ್ದು ಅಂಗಳದಲ್ಲಿ ಬೆಳಿಗ್ಗೆ ಒಂದು ಹೇಳ್ತದೆ ಮಧ್ಯಾಹ್ನ ಒಂದು ಹೇಳ್ತದೆ. ನಾಲ್ಕು ದಿನ ಕೋಡ್ ತಿದ್ದಿದೆ. ಐದನೇ ದಿನ ಅಡಿಕೆ ಸುಲೀತಿದ್ದವರೊಬ್ಬರು, ನೀವು ನೆರಳನ್ನೂ ಸೇರಿಸಿ ಅಳೀತಾ ಇದ್ದೀರಾ ಹೇಗೆ ಅಂತ ಕೇಳಿದ್ರು. ಹೌದು, ಬಿಸಿಲು ಓರೆ ಬಿದ್ದಾಗ ಪ್ರತಿ ಅಡಿಕೆಗೂ ಒಂದು ಬಾಲ ಬರ್ತಿತ್ತು, ಗುಂಡಗಿನದ್ದೆಲ್ಲ ಮೊಟ್ಟೆ ಆಗ್ತಿತ್ತು. ಒಂದು ಟಾರ್ಪಾಲ್ ಕಟ್ಟಿದ್ದು, ಎಲ್ಲ ಸರಿ ಆಯ್ತು. ಹಾಗಾಗಿ ನೀವು ಬಿಳಿ ಪೇಪರ್ ಮೇಲೆ ಎಲೆ ಇಟ್ಟು, ಮೇಲಿಂದ ಒಂದು ಗಾಜು ಒತ್ತಿ, ನೇರ ಬಿಸಿಲಿಲ್ಲದ ಜಗಲಿಯಲ್ಲಿ, ಸರೀ ಮೇಲಿಂದ ಫೋಟೊ ತೆಗೀರಿ. ಕಪ್ಪು ಬಿಳುಪು ಮಾಡ್ಲಿಕ್ಕೆ ನೀವು ಒತ್ಸು ಹಾಕಿರ್ಬಹುದು, 1979ರ ಮೆಥಡ್, ಈಗಲೂ ಒಳ್ಳೆದೇ, ಆದ್ರೆ ಗ್ರೇ ಚಿತ್ರದ ಮೇಲೆ ಹಾಕ್ಬೇಡಿ, ಎಚ್‌ಎಸ್‌ವಿಗೆ (ಬಣ್ಣ ಯಾವುದು, ಎಷ್ಟು ಗಾಢ, ಎಷ್ಟು ಬೆಳಕು ಅಂತ ಬೇರೆ ಬೇರೆ ಬರೆಯುವ ಕ್ರಮ) ಬದಲಿಸಿ ಸ್ಯಾಚುರೇಷನ್, ಅಂದ್ರೆ ಬಣ್ಣ ಎಷ್ಟು ಗಾಢ ಅನ್ನುವ ಚಾನೆಲ್ ಮೇಲೆ ಹಾಕಿ. ಬಿಳಿ ಪೇಪರ್ ಮೇಲಿನ ನೆರಳು ಕಪ್ಪಗೆ ಕಂಡ್ರೂ ಅದರಲ್ಲಿ ಬಣ್ಣ ಕಮ್ಮಿ, ಹಸುರು ಎಲೆಯಲ್ಲಿ ಬಣ್ಣ ಜಾಸ್ತಿ, ಹಾಗಾಗಿ ನೆರಳು ತಾನಾಗಿ ಬಿಟ್ಟು ಹೋಗ್ತದೆ. ತೊಟ್ಟನ್ನು ಕತ್ತರಿಯಲ್ಲಿ ಕತ್ತರಿಸಿ ತೆಗೀರಿ. ಒಂದು ಎಲೆಗೆ ಉದ್ದ ತೊಟ್ಟು, ಇನ್ನೊಂದಕ್ಕೆ ಅರ್ಧ ಮುರಿದ ತೊಟ್ಟು ಇದ್ರೆ ಯಾವ ಮೆಥಡ್ಡಿಗೂ ತಲೆಕೆಡ್ತದೆ. ಅಮೆರಿಕದಲ್ಲಿ 2011ರಲ್ಲಿ ಬಂದ ಲೀಫ್‌ಸ್ನ್ಯಾಪ್ ಅಂತ ಎಲೆ ಗುರುತಿಸುವ ಆ್ಯಪ್ ಇತ್ತು, ಅದು ಕೂಡ ಬರೀ ಅಂಚಿನ ವಕ್ರತೆ ನೋಡಿಯೇ ಮರ ಹೇಳುದು, ಅವರೂ ಬಿಳಿ ಹಿನ್ನೆಲೆ ಬೇಕು ಅಂತ ಹಠ ಹಿಡಿದಿದ್ರು, ತೊಟ್ಟು ತೆಗೀಲಿಕ್ಕೆ ಬೇರೆಯೇ ಒಂದು ಸ್ಟೆಪ್ ಇಟ್ಟಿದ್ರು.

ಈಗ ಔಟ್‌ಲೈನಿಗೆ ಬರುವ. ವಿಸ್ತೀರ್ಣ ಬಿಟ್ಟು ಅಂಚನ್ನು ಹಿಡೀಬೇಕು ನೀವು. ಹಳೇ ದಾರಿ ಫ್ರೀಮನ್ ಚೈನ್ ಕೋಡ್, 1961ರದ್ದು, ಅಂಚಿನ ಮೇಲೆ ಇರುವೆ ನಡೆದ ಹಾಗೆ ಎಂಟು ದಿಕ್ಕಿನಲ್ಲಿ ಯಾವುದಕ್ಕೆ ಹೆಜ್ಜೆ ಇಟ್ಟೆ ಅಂತ ಬರ್ಕೊಂಡು ಹೋಗುದು, ಪರೀಕ್ಷೆಗೆ ಬರ್ತದೆ, ಓದ್ಕೊಳ್ಳಿ, ಹೋಲಿಸ್ಲಿಕ್ಕೆ ಅದು ಸುಖ ಇಲ್ಲ. ನಿಮ್ಮ ಕೆಲಸಕ್ಕೆ ನಾನು ಮೊದಲು ಕೈ ಹಾಕುದು ಫೂರಿಯರ್ ಡಿಸ್ಕ್ರಿಪ್ಟರಿಗೆ. ಅಂಚಿನ ಮೇಲೆ ಸಮ ದೂರದಲ್ಲಿ 128 ಬಿಂದು ತಗೊಳ್ಳಿ, ಪ್ರತಿ ಬಿಂದುವಿನ ಎಕ್ಸ್, ವೈ ಸೇರಿಸಿ ಒಂದು ಕಾಂಪ್ಲೆಕ್ಸ್ ನಂಬರ್ ಮಾಡಿ, ಎಫ್‌ಎಫ್‌ಟಿ (ಅಂಚಿನ ಗೆರೆಯನ್ನು ದೊಡ್ಡ, ಸಣ್ಣ ಅಲೆಗಳಾಗಿ ಬಿಡಿಸುವ ಲೆಕ್ಕ) ಹಾಕಿ. ಮೊದಲನೇ ನಂಬರ್ ಎಲೆ ಎಲ್ಲಿ ಉಂಟು ಅಂತ ಹೇಳ್ತದೆ, ಬಿಸಾಡಿ. ಅದರ ನಂತರದ್ದರ ಅಳತೆಯಿಂದ ಉಳಿದದ್ದನ್ನು ಭಾಗಿಸಿ, ಸೈಜು ಹೋಯ್ತು. ತಿರುಗಿದ್ದನ್ನೂ, ಎಲ್ಲಿಂದ ನಡೀಲಿಕ್ಕೆ ಶುರು ಮಾಡಿದ್ದು ಅನ್ನುದನ್ನೂ ಮರೀಲಿಕ್ಕೆ ಪುಸ್ತಕದಲ್ಲಿ ಫೇಸ್, ಅಂದ್ರೆ ಪ್ರತಿ ಕಾಂಪ್ಲೆಕ್ಸ್ ನಂಬರಿನ ಕೋನ, ಬಿಟ್ಟುಬಿಡಿ ಅಂತಾರೆ. ಇಲ್ಲಿ ನಾನು ಪುಸ್ತಕದ ಮಾತು ಕೇಳುದಿಲ್ಲ. ಫೇಸ್ ಬಿಟ್ರೆ ಆಕಾರದ ಅರ್ಧ ಜೀವ ಹೋಗ್ತದೆ, ಮತ್ತೆ ನಿಮಗೆ ಅದನ್ನು ಬಿಡುವ ಅಗತ್ಯವೂ ಇಲ್ಲ, ಯಾಕಂದ್ರೆ ಎಲೆಗೆ ತೊಟ್ಟಿನ ಬುಡ ಯಾವುದು, ತುದಿ ಯಾವುದು ಅಂತ ನಿಮಗೆ ಗೊತ್ತುಂಟಲ್ಲ. 320 ಫೋಟೊದಲ್ಲಿ ಈ ಎರಡು ಬಿಂದು ಮೌಸಲ್ಲಿ ಕ್ಲಿಕ್ ಮಾಡ್ಲಿಕ್ಕೆ ಒಂದು ಸಂಜೆ ಸಾಕು. ಬುಡದಿಂದ ಶುರು ಮಾಡಿ, ಬುಡ ಕೆಳಗೆ ತುದಿ ಮೇಲೆ ಬರುವ ಹಾಗೆ ತಿರುಗಿಸಿ, ಎಡಬಲ ಮಗುಚಿ ಒಮ್ಮೆ, ಮಗುಚದೆ ಒಮ್ಮೆ ಹೋಲಿಸಿ ಕಮ್ಮಿ ಬಂದದ್ದನ್ನು ತಗೊಳ್ಳಿ. ಮೊದಲ ಹದಿನೈದಿಪ್ಪತ್ತು ಜೋಡಿ ನಂಬರ್ ಇಟ್ಕೊಂಡ್ರೆ ಎಲೆಯ ಒಟ್ಟು ರೂಪ, ಬುಡದ ತಗ್ಗು, ಮೊನೆ ಎಲ್ಲ ಬರ್ತದೆ. ಗರಗಸದ ಹಾಗಿನ ಅಂಚಿದ್ರೆ ಅದು ಆಚೆಯ ನಂಬರುಗಳಲ್ಲಿ ಇರ್ತದೆ, ಕಡಿದು ಬಿಟ್ರೆ ಹೋಗ್ತದೆ, ನಿಮ್ಮ ಎಂಟು ಜಾತಿಯಲ್ಲಿ ಗರಗಸದ ಅಂಚಿನದ್ದು ಇದ್ರೆ ನೆನಪಿಟ್ಕೊಳ್ಳಿ.

ವೀಳ್ಯದೆಲೆ, ಮೆಣಸಿನ ಎಲೆ, ಒಂದೆಲಗದಂಥ ಒಂದೇ ಹಾಳೆಯ ಎಲೆಗಳಿಗೆ ಇಷ್ಟು ಸಾಕಾದೀತು. ಜೀಗುಜ್ಜೆ, ಮರಗೆಣಸು, ಪಪ್ಪಾಯಿ ಇಂಥ ಬೆರಳಿನ ಎಲೆಗಳಿಗೆ ಬೇರೆ ಬೇಕು. ಸೆರ್ಜ್ ಬೆಲೋಂಗಿ, ಜಿತೇಂದ್ರ ಮಲಿಕ್, ಯಾನ್ ಪುಝಿಖಾ ಮೂವರು 2002ರಲ್ಲಿ ವಿವರವಾಗಿ ಬರೆದ ಶೇಪ್ ಕಾಂಟೆಕ್ಸ್ಟ್ ಅಂತ ಉಂಟು, ಈ ವಿಷಯದಲ್ಲಿ ನನಗೆ ತುಂಬ ಇಷ್ಟದ್ದು ಅದು. ಅಂಚಿನ ಮೇಲೆ 100 ಬಿಂದು ಹಾಕಿ. ಈಗ ಒಂದು ಬಿಂದುವಿನ ಮೇಲೆ ನೀವೇ ನಿಂತಿದ್ದೀರಿ ಅಂತ ಗ್ರಹಿಸಿ, ಎಲೆಯ ತುದಿಯಲ್ಲಿ ಅಂತ ಇರಲಿ. ಉಳಿದ 99 ಬಿಂದು ನಿಮಗೆ ಎಲ್ಲೆಲ್ಲಿ ಕಾಣ್ತವೆ? ಸುತ್ತ ಗಡಿಯಾರದ ಹಾಗೆ 12 ದಿಕ್ಕು, ದೂರಕ್ಕೆ 5 ಬಳೆ, ಒಟ್ಟು 60 ಖಾನೆ, ಯಾವ ಖಾನೆಯಲ್ಲಿ ಎಷ್ಟು ಬಿಂದು ಅಂತ ಎಣಿಸಿ. ಬಳೆಗಳ ಅಂತರ ಸಮ ಇಲ್ಲ, ಹತ್ತಿರದ್ದು ಸಣ್ಣ, ದೂರದ್ದು ದೊಡ್ಡ. ನಮ್ಮ ಜಗಲಿಯಿಂದ ಬಾವಿ ಎಷ್ಟು ಹೆಜ್ಜೆ ಅಂತ ಸರಿಯಾಗಿ ಗೊತ್ತಿರ್ತದೆ, ಕುಂಬಳೆ ಅಂದ್ರೆ ಓ ಆ ಕಡೆ ಅಂತ ಕೈ ತೋರಿಸ್ತೇವೆ, ಹಾಗೆ. ತುದಿಯಲ್ಲಿ ನಿಂತವನಿಗೆ ಎಲ್ಲರೂ ಒಂದೇ ಕಡೆ ಕಾಣ್ತಾರೆ, ಬುಡದ ತಗ್ಗಿನಲ್ಲಿ ನಿಂತವನಿಗೆ ಎಡಬಲ ಭುಜದ ಹತ್ತಿರವೇ ಗುಂಪು, ಎದುರಿಗೆ ದೂರದಲ್ಲಿ ಒಂದಿಷ್ಟು. ಅಂದ್ರೆ ಪ್ರತಿ ಬಿಂದುವಿಗೂ ಅದರದ್ದೇ ಆದ ಒಂದು ಜಾತಕ ಆಯ್ತು. ಇನ್ನೊಂದು ಎಲೆಯ 100 ಬಿಂದುವಿಗೂ ಹಾಗೇ ಜಾತಕ ಮಾಡಿ, ಯಾರ ಜಾತಕ ಯಾರಿಗೆ ಕೂಡಿ ಬರ್ತದೆ ಅಂತ ನೂರಕ್ಕೆ ನೂರು ಕೋಷ್ಟಕ ಹಾಕಿ, ಒಟ್ಟು ಖರ್ಚು ಕಮ್ಮಿ ಆಗುವ ಹಾಗೆ ಒಂದಕ್ಕೊಂದು ಜೋಡಿ ಮಾಡುದು, ಅದಕ್ಕೆ ಹಂಗೇರಿಯನ್ ಅಲ್ಗಾರಿದಮ್ ರೆಡಿ ಸಿಗ್ತದೆ, ಪೈಥಾನಿನ ಸೈಪೈ ಲೈಬ್ರರಿಯಲ್ಲಿ ಒಂದೇ ಸಾಲು.

ಜೋಡಿ ಆದ ಮೇಲೆ ಒಂದು ಎಲೆಯನ್ನು ತೆಳು ತಗಡಿನ ಹಾಗೆ ಬಗ್ಗಿಸಿ ಇನ್ನೊಂದರ ಮೇಲೆ ಕೂರಿಸಿ, ಬಗ್ಗಿಸ್ಲಿಕ್ಕೆ ಎಷ್ಟು ಬಲ ಬೇಕಾಯ್ತು ಅನ್ನುದನ್ನೂ ಲೆಕ್ಕಕ್ಕೆ ಸೇರಿಸ್ತಾರೆ. ಡಾರ್ಸಿ ಥಾಂಪ್ಸನ್ 1917ರಲ್ಲೇ ಒಂದು ಮೀನಿನ ಚಿತ್ರವನ್ನು ಚೌಕುಳಿ ಹಾಳೆಯಲ್ಲಿ ಬರೆದು, ಚೌಕುಳಿಯನ್ನು ಓರೆ ಎಳೆದು ಬೇರೆ ಜಾತಿ ಮೀನು ಬರಿಸಿ ತೋರಿಸಿದ್ರು, ಅದೇ ಯೋಚನೆ ಇದು. ಕೈಬರಹದ ಅಂಕಿಗಳ ಎಂನಿಸ್ಟ್ ಸೆಟ್ಟಿನಲ್ಲಿ ಈ ಮೆಥಡ್ 0.63% ಮಾತ್ರ ತಪ್ಪಿದ್ದು, ಆ ಕಾಲಕ್ಕೆ ಅದು ಸಣ್ಣ ಸಂಗತಿ ಅಲ್ಲ.

ಆದ್ರೆ ಬೆರಳು ಮಡಚಿದ್ರೆ ಇದಕ್ಕೂ ಕಷ್ಟ, ಯಾಕಂದ್ರೆ ದೂರ ಅಳೆಯುದು ಕಾಗೆ ಹಾರಿದ ಹಾಗೆ ನೇರ. ಹೈಬಿನ್ ಲಿಂಗ್, ಡೇವಿಡ್ ಜೇಕಬ್ಸ್ ಇಬ್ಬರು ಇದಕ್ಕೊಂದು ಸಾದಾ ಉಪಾಯ ಮಾಡಿದ್ರು: ನೇರ ಅಳೀಬೇಡಿ, ಎಲೆಯ ಒಳಗಿಂದಲೇ ನಡೆದು ಹೋಗಿ ಅಳೀರಿ. ಚಂದ್ರಗಿರಿ ಹೊಳೆಯ ಈಚೆ ನಿಂತ್ರೆ ಆಚೆ ದಡದ ಮನೆಯಲ್ಲಿ ಬಟ್ಟೆ ಒಣಗಿಸುದು ಕಾಣ್ತದೆ, ಆದ್ರೆ ಅಲ್ಲಿಗೆ ಹೋಗ್ಬೇಕಾದ್ರೆ ಸೇತುವೆ ಸುತ್ತಿಯೇ ಹೋಗ್ಬೇಕು, ದೂರ ಎಷ್ಟು ಅಂತ ಬಸ್ಸಿನವರನ್ನು ಕೇಳಿದ್ರೆ ಅವರು ಸೇತುವೆ ದೂರವೇ ಹೇಳುದು. ಜೀಗುಜ್ಜೆಯ ಎರಡು ಬೆರಳ ತುದಿಗಳ ನಡುವಿನ ಸೀಳು ಆ ಹೊಳೆ ಇದ್ದ ಹಾಗೆ. ಬೆರಳು ಅತ್ತಿತ್ತ ವಾಲಿದ್ರೆ ನೇರ ದೂರ ಬದಲಾಗ್ತದೆ, ಒಳಗಿಂದ ನಡೆದ ದೂರ ಹೆಚ್ಚುಕಮ್ಮಿ ಹಾಗೇ ಇರ್ತದೆ. ಇದನ್ನು ಶೇಪ್ ಕಾಂಟೆಕ್ಸ್ಟ್ ಒಳಗೆ ಹಾಕಿದ್ದೇ ಇನ್ನರ್ ಡಿಸ್ಟೆನ್ಸ್. ಎಂಪೆಗ್-7 ಅಂತ ಈ ಕ್ಷೇತ್ರದ ಎಲ್ಲರೂ ಪರೀಕ್ಷೆ ಬರೆಯುವ ಒಂದು ಸೆಟ್ ಉಂಟು, 70 ಜಾತಿ ಆಕಾರ, ಒಂದೊಂದಕ್ಕೆ 20, ಒಟ್ಟು 1400, ಅದರಲ್ಲಿ ಶೇಪ್ ಕಾಂಟೆಕ್ಸ್ಟ್ 76.51% ತೆಗೆದದ್ದು, ಇದು 85.40% ತೆಗೀತು. ಒಂದು ಎಚ್ಚರಿಕೆ, ಬೆರಳು ವಾಲಿದ್ರೆ ಇದು ಸರಿ, ಪೂರ್ತಿ ಮಡಚಿ ಎಲೆಯ ಮೇಲೇ ಬಿದ್ರೆ ಔಟ್‌ಲೈನಿನಿಂದ ಬೆರಳೇ ಮಾಯ ಆಗ್ತದೆ, ಆಗ ಯಾವ ದೇವರೂ ಕಾಪಾಡುದಿಲ್ಲ, ಅದಕ್ಕೇ ಗಾಜು ಒತ್ತಿ ಅಂದದ್ದು.

ಹುಳ ತಿಂದ ಎಲೆಗಳನ್ನು ಬಿಸಾಡ್ಬೇಡಿ, ತೋಟದಲ್ಲಿ ಇರುದೇ ಅಂಥದ್ದು. ಹೌಸ್‌ಡಾರ್ಫ್ ದೂರ ಅಂತ ಕೇಳಿರ್ತೀರಿ, ಒಂದು ಅಂಚಿನ ಪ್ರತಿ ಬಿಂದುವಿಗೆ ಇನ್ನೊಂದು ಅಂಚು ಎಷ್ಟು ಹತ್ತಿರ ಅಂತ ನೋಡಿ ಎಲ್ಲಕ್ಕಿಂತ ಕೆಟ್ಟದ್ದನ್ನು ಹಿಡಿಯುದು. ಒಂದು ಕಡೆ ಹುಳ ಕಚ್ಚಿದ್ರೆ ಆ ಕಚ್ಚೇ ಇಡೀ ಎಲೆಯ ಭವಿಷ್ಯ ತೀರ್ಮಾನ ಮಾಡ್ತದೆ, ಅನ್ಯಾಯ. ಎಲ್ಲಕ್ಕಿಂತ ಕೆಟ್ಟದ್ದರ ಬದಲು, ಬಿಂದುಗಳನ್ನು ಸಾಲಾಗಿ ನಿಲ್ಲಿಸಿ 90%ದ ಹತ್ತಿರ ಇರುವ ದೂರ ತಗೊಂಡ್ರೆ ಕಚ್ಚುಗಳು ಲೆಕ್ಕದಿಂದ ಹೊರಗೆ ಹೋಗ್ತವೆ.

ಡೀಪ್ ಲರ್ನಿಂಗ್ ಬಗ್ಗೆ. ಹೋಗ್ಬಹುದು, ಬೇಡ ಅನ್ನುದಿಲ್ಲ, ಮೊದಲೇ ಟ್ರೈನ್ ಆದ ನೆಟ್‌ವರ್ಕ್ ತಂದು ಕೊನೆ ಪದರ ಮಾತ್ರ ಬದಲಿಸಿದ್ರೆ ನಿಮ್ಮ 320 ಫೋಟೊಗೂ ಒಳ್ಳೆ ಮಾರ್ಕೇ ಬಂದೀತು. ಆದ್ರೆ ಆಗ ನಿಮ್ಮ ಪ್ರಾಜೆಕ್ಟಿನ ಹೆಸರು ಬದಲಾಯಿಸ್ಬೇಕು, ಯಾಕಂದ್ರೆ ಅದು ನೋಡುದು ಆಕಾರವನ್ನೇ ಅಂತ ಖಾತ್ರಿ ಇಲ್ಲ. ರಾಬರ್ಟ್ ಗೈರೋಸ್ ಮತ್ತು ಅವರ ಜೊತೆಯವರು 2019ರಲ್ಲಿ ಒಂದು ಬೆಕ್ಕಿನ ಆಕಾರಕ್ಕೆ ಆನೆಯ ಚರ್ಮದ ಮೇಲ್ಮೈ ಹಚ್ಚಿ ಇಂಥ ನೆಟ್‌ವರ್ಕಿಗೆ ತೋರಿಸಿದ್ರು, ಮನುಷ್ಯರು ಬೆಕ್ಕು ಅಂದ್ರು, ಅದು ಆನೆ ಅಂತು. ನಿಮ್ಮ ವೀಳ್ಯದೆಲೆ ಫೋಟೊ ಎಲ್ಲ ಒಂದೇ ಮೇಜಿನ ಮೇಲೆ, ಮೆಣಸಿನದ್ದೆಲ್ಲ ಇನ್ನೊಂದು ಕಡೆ ತೆಗೆದಿದ್ರೆ ಅದು ಮೇಜು ನೋಡಿಯೇ ಉತ್ತರ ಹೇಳ್ಲಿಕ್ಕೆ ಕಲೀತದೆ, ನಿಮಗೆ 99% ಬಂದು ಖುಷಿ, ವೈವಾದಲ್ಲಿ ಎಕ್ಸಾಮಿನರ್ ಹೊಸ ಎಲೆ ಕೊಟ್ರೆ ಮುಗೀತು. ನಿಮಗೆ ಹೋಗ್ಲೇಬೇಕು ಅಂತಿದ್ರೆ ಬರೀ ಕಪ್ಪು ಬಿಳುಪು ಮಾಸ್ಕ್ (ಎಲೆ ಒಂದು ಬಣ್ಣ, ಉಳಿದದ್ದೆಲ್ಲ ಇನ್ನೊಂದು ಬಣ್ಣ ಇರುವ ಚಿತ್ರ) ಕೊಟ್ಟು ಟ್ರೈನ್ ಮಾಡಿ, ಆಗ ಆಕಾರ ಬಿಟ್ಟು ಬೇರೆ ಎಂತದೂ ಅದಕ್ಕೆ ಸಿಗುದಿಲ್ಲ.

ಪರೀಕ್ಷೆ ಮಾಡುವಾಗಲೂ ಇದೇ ಜಾಗ್ರತೆ. ಒಂದೇ ಬಳ್ಳಿಯ ಎಲೆ ಟ್ರೈನಿಂಗಲ್ಲೂ ಟೆಸ್ಟಲ್ಲೂ ಬರದ ಹಾಗೆ ನೋಡಿ, ಫೋಟೊ ಲೆಕ್ಕದಲ್ಲಿ ಪಾಲು ಮಾಡ್ಬೇಡಿ, ಬಳ್ಳಿ ಲೆಕ್ಕದಲ್ಲಿ ಮಾಡಿ. ಸಾಧ್ಯ ಆದ್ರೆ ಪೆರ್ಲದಲ್ಲೋ ಮುಳ್ಳೇರಿಯದಲ್ಲೋ ಇರುವ ಯಾರಾದ್ರೂ ದೋಸ್ತಿಯ ತೋಟದ ಎಲೆ ತಂದು ಅದರ ಮೇಲೆ ಮಾತ್ರ ಕೊನೆಯ ನಂಬರ್ ಹೇಳಿ.

ವೀಳ್ಯದೆಲೆ ಮೆಣಸು ಆಮೇಲೂ ಗಲಿಬಿಲಿ ಆದ್ರೆ, ಆದೀತು, ಯಾವ ಯಾವ ಎಲೆ ಗಲಿಬಿಲಿ ಆಯ್ತು ಅಂತ ಪ್ರಿಂಟ್ ತೆಗೆದು ಮೇಜಿನ ಮೇಲೆ ಹರಡಿ ಅಮ್ಮನಿಗೆ ತೋರಿಸಿ, ಬರೀ ಕಪ್ಪು ನೆರಳಿನ ಚಿತ್ರ. ಅವರಿಗೂ ಹೇಳ್ಲಿಕ್ಕೆ ಆಗದಿದ್ರೆ ಆ ಎಲೆಗಳಿಗೆ ಔಟ್‌ಲೈನಲ್ಲಿ ಉತ್ತರ ಇಲ್ಲ, ನರ ನೋಡ್ಬೇಕು, ರಿಪೋರ್ಟಲ್ಲಿ ಹಾಗೇ ಬರೀರಿ, ಅದಕ್ಕೆ ಮಾರ್ಕ್ ಕಳೆಯುವ ಎಕ್ಸಾಮಿನರ್ ಇದ್ರೆ ಅವರಿಗೇ ವಿಷಯ ಗೊತ್ತಿಲ್ಲ ಅಂತ ಲೆಕ್ಕ. ಮತ್ತೆ ಫೋಟೊ ಕೆಲಸ ಮಳೆ ಹಿಡಿಯುವ ಮೊದಲು ಮುಗಿಸಿ. ಒದ್ದೆ ಎಲೆ ಮಿಂಚ್ತದೆ, ಮಿಂಚುವಲ್ಲಿ ಸ್ಯಾಚುರೇಷನ್ ಕಮ್ಮಿ ಆಗ್ತದೆ, ಎಲೆಯ ನಡುವೆ ಇಲ್ಲದ ತೂತು ಕಾಣ್ತದೆ, ಕೊನೆಗೆ ಹುಳ ತಿಂದದ್ದು ಯಾವುದು ಮಳೆ ತಿಂದದ್ದು ಯಾವುದು ಅಂತ ನಿಮಗೇ ಗೊತ್ತಾಗುದಿಲ್ಲ.